"ಅದು ಹಾಗೇನೆ": ಅಣ್ಣನ ಹಳೇ ಪೋಲೋ ಮಗಳ ಕೈಗೆ ಹೋದ ಪ್ರಕರಣ

2024ರ ಮೇ ತಿಂಗಳು. ಹಾಸನದಿಂದ ಅಣ್ಣ ಫೋನ್ ಮಾಡಿದ. "ಹೊಸ ಗಾಡಿ ಬುಕ್ ಮಾಡಿದೀನಿ ಕಣೋ. ಹಳೇದನ್ನ ಮಾರಲ್ಲ, ಮಗಳಿಗೆ ಕೊಡ್ತೀನಿ. ನೀನು ಒಂದ್ಸಲ ಬಂದು ನೋಡು" ಅಂದ. ಪಕ್ಕದಲ್ಲೇ ಇದ್ದ ಅತ್ತಿಗೆ ಫೋನ್ ಇಸಿದುಕೊಂಡು, "ನನಗೆ ಭಯ ಆಗ್ತಿದೆ. ಆ ಗಾಡಿ ಎಷ್ಟು ಜೋರಾಗಿ ಹೋಗುತ್ತೆ ಅಂತ ನಿಮಗೂ ಗೊತ್ತಲ್ಲ" ಅಂದರು. ಇಬ್ಬರ ದನಿಯಲ್ಲೂ ಮಗಳ ಮೇಲಿನ ಕಾಳಜಿಯೇ ಇತ್ತು. ಹಾಗಾಗಿ ಬರೀ ಹೂಂ ಅನ್ನದೆ ಹೋಗಿ ಎರಡು ದಿನ ಉಳಿದೆ. ಅಲ್ಲಿಂದ ಮುಂದಿನ ಎಂಟು ತಿಂಗಳು ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಹಳೇ ಗಾಡಿಯನ್ನು ಮಕ್ಕಳಿಗೆ ಕೊಡುವ ಮನೆಗಳು ನಮ್ಮಲ್ಲಿ ಈಗ ಜಾಸ್ತಿ. ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಅಣ್ಣನ ಮಗಳಿಗೆ ಆಗ 20 ವರ್ಷ. ಮಂಗಳೂರಿನಲ್ಲಿ ಓದುತ್ತಿದ್ದಳು. ಲೈಸೆನ್ಸ್ ಬಂದು ಒಂದು ವರ್ಷದ ಮೇಲಾಗಿತ್ತು. ಆದರೆ ಡ್ರೈವಿಂಗ್ ಸ್ಕೂಲಿನ ಆಲ್ಟೊ 800 ಬಿಟ್ಟರೆ ಕೈಗೆ ಗಾಡಿ ಸಿಕ್ಕಿದ್ದು ಕಡಿಮೆ. ಅಣ್ಣನದು 2014ರ ಪೋಲೋ ಜಿಟಿ ಟಿಎಸ್‌ಐ. ಮೀಟರ್‌ನಲ್ಲಿ 92,000 ಕಿ.ಮೀ. ದಾಟಿತ್ತು. ನೋಡಲು ಚಿಕ್ಕ ಹ್ಯಾಚ್‌ಬ್ಯಾಕ್. ಒಳಗಿರುವುದು 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಸೊನ್ನೆಯಿಂದ ನೂರಕ್ಕೆ 9.7 ಸೆಕೆಂಡ್ ಅಂತ ಕಂಪನಿಯೇ ಹೇಳಿತ್ತು. ಅಣ್ಣ ಇದನ್ನು ಕೊಂಡಾಗ ಅವನಿಗೆ ನಲವತ್ತು. ತನಗೆ ಅಂತ ಇಷ್ಟಪಟ್ಟು ತೆಗೆದುಕೊಂಡ ಮೊದಲ ವಸ್ತು ಅದು. ಅದನ್ನೇ ಮಗಳಿಗೆ ಕೊಡಬೇಕು ಅನ್ನೋ ಆಸೆ ನನಗೆ ಅರ್ಥವಾಗುತ್ತಿತ್ತು.

ಮೊದಲ ಪ್ರಶ್ನೆ ಸ್ಪೀಡಿನದ್ದು. ಟಾಪ್ ಸ್ಪೀಡ್ ಬಗ್ಗೆ ನನಗೆ ಅಷ್ಟು ಚಿಂತೆ ಇರಲಿಲ್ಲ. ಇವತ್ತು ಎಂಥ ಚಿಕ್ಕ ಕಾರೂ ನೂರಿಪ್ಪತ್ತು ಮುಟ್ಟುತ್ತೆ. ಎಷ್ಟು ಸುಲಭವಾಗಿ ಮುಟ್ಟುತ್ತೆ ಅನ್ನೋದೇ ವಿಷಯ. ಅವಳು ಕಲಿತ ಆಲ್ಟೊದಲ್ಲಿ 48 ಪಿಎಸ್ ಶಕ್ತಿ, 69 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಆ ಗಾಡಿಯಲ್ಲಿ ಲಾರಿ ಓವರ್‌ಟೇಕ್ ಮಾಡಬೇಕಾದರೆ ಗೇರ್ ಇಳಿಸಬೇಕು, ಎಂಜಿನ್ ಕೂಗಿಕೊಳ್ಳುತ್ತೆ, ಆ ಸದ್ದೇ ಒಂದು ಎಚ್ಚರಿಕೆ. ಪೋಲೋದಲ್ಲಿ 175 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗಿನಿಂದಲೇ. ಸದ್ದಿಲ್ಲದೆ ತೊಂಬತ್ತಾಗಿರುತ್ತೆ. ಕಿವಿಗೆ ಗೊತ್ತಾಗೋದೇ ಇಲ್ಲ. ಹೊಸಬರು ಸ್ಪೀಡನ್ನು ಅಳೆಯೋದು ಕಿವಿಯಿಂದಲೇ ಅಲ್ವಾ?

"ನಮ್ಮ ಹುಡುಗಿ ಸ್ಪೀಡ್ ಹೋಗೋಳಲ್ಲ" ಅಂತ ಅಣ್ಣ ಅಂದ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 70ಕ್ಕೂ ಹೆಚ್ಚು ಸಾವು ಅತಿವೇಗದ ಲೆಕ್ಕಕ್ಕೆ ಬಿದ್ದಿವೆ. ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು ಇದೇ ಮಾತು ಹೇಳಿರುತ್ತಾರೆ ಅಂತ ನಾನು ನಂಬುತ್ತೇನೆ. ಅಣ್ಣನಿಗೂ ಅದನ್ನೇ ಹೇಳಿದೆ. ಅವನು ಸುಮ್ಮನಾದ.

ಇನ್ನೊಂದು ದಾರಿಯೂ ಇತ್ತು. ಪೋಲೋ ಮಾರಿ, ಸ್ವಲ್ಪ ದುಡ್ಡು ಸೇರಿಸಿ, ಹೊಸದೊಂದು ಚಿಕ್ಕ ಕಾರು ಕೊಡಿಸುವುದು. ಹಳೇ ಕಾರಿನ ವ್ಯಾಪಾರಿ ಮೂರೂವರೆ ಲಕ್ಷಕ್ಕೆ ಕೇಳಿದ್ದ. ಅತ್ತಿಗೆ ಮನಸ್ಸು ಅದರ ಕಡೆ ಇತ್ತು. ಇಲ್ಲಿ ನಾನು ಪೋಲೋ ಪರ ನಿಂತೆ, ಅದಕ್ಕೆ ಕಾರಣ ಹೇಳಬೇಕು. 2014ರ ಜನವರಿಯಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಕಾರುಗಳನ್ನು ಮೊದಲ ಸಲ ಗುದ್ದಿಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ ಬಂತು. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೋಗೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ಸ್ಟಾರ್. ಅಣ್ಣನ ಗಾಡಿಯಲ್ಲಿ ಎರಡು ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇದ್ದವು. ಅದಕ್ಕಿಂತ ಮುಖ್ಯವಾಗಿ ಇಎಸ್‌ಪಿ ಇತ್ತು. ತಿರುವಿನಲ್ಲಿ ಗಾಡಿ ಜಾರತೊಡಗಿದರೆ ಒಂದೊಂದು ಚಕ್ರಕ್ಕೇ ಬ್ರೇಕ್ ಹಿಡಿದು ದಾರಿಗೆ ತರುವ ವ್ಯವಸ್ಥೆ ಅದು. ಆಗಿನ ಪರೀಕ್ಷೆಯಲ್ಲಿ ಪಕ್ಕದಿಂದ ಗುದ್ದಿಸುತ್ತಿರಲಿಲ್ಲ. ಹಾಗಾಗಿ ಆ ನಾಲ್ಕನ್ನು ಇವತ್ತಿನ ನಾಲ್ಕಿಗೆ ಸಮ ಅನ್ನಲಾಗದು. ಆದರೂ ಇವಳು ಓಡಾಡುವುದು ಶಿರಾಡಿ ಘಾಟಿಯಲ್ಲಿ, ಅದೂ ಮಳೆಯಲ್ಲಿ. ಆ ದಾರಿಗೆ ಇಎಸ್‌ಪಿ ಇರುವ ಗಾಡಿಯೇ ಬೇಕು ಅನ್ನಿಸಿತು. ಒಂದು ಶರತ್ತು ಮಾತ್ರ ಹಾಕಿದೆ. ಗಾಡಿ ಮೊದಲಿನ ಹಾಗೆ ಇರಬೇಕು.

ಅದು ಹಾಗಿರಲಿಲ್ಲ ಅನ್ನೋದು ಮಾರನೇ ದಿನ ಬೆಳಗ್ಗೆ ಗೊತ್ತಾಯಿತು.

ಅವಳು ಡ್ರೈವರ್ ಸೀಟಿನಲ್ಲಿ, ಅಣ್ಣ ಪಕ್ಕದಲ್ಲಿ, ನಾನು ಹಿಂದೆ. ಹಾಸನದ ಹೊರಗಿನ ರಸ್ತೆಯಲ್ಲಿ ಅರ್ಧ ಗಂಟೆ. ಮೊದಲ ಸಿಗ್ನಲ್ಲಿನಲ್ಲಿ ಅವಳು ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವುದು ತಡವಾಯಿತು. ಅಣ್ಣ, "ಇನ್ನೂ ಸ್ವಲ್ಪ ಒತ್ತಮ್ಮ, ಅದು ಹಾಗೇನೆ" ಅಂದ. ಆಮೇಲೆ ಗಾಡಿ ಎಡಕ್ಕೆ ಎಳೆಯಿತು. "ಸ್ಟೀರಿಂಗ್ ಒಂಚೂರು ಬಲಕ್ಕೆ ಹಿಡಿ, ಅದು ಹಾಗೇನೆ." ಗುಂಡಿಗೆ ಇಳಿದಾಗ ಮುಂದೆ ಧಡ್ ಅಂತು. "ಅದು ಹಾಗೇನೆ, ನಿಧಾನಕ್ಕೆ ಇಳಿಸು." ನಾಲ್ಕನೇ ಸಲ ಆ ಮಾತು ಬಂದಾಗ ನಾನು ಜೇಬಿಂದ ಪುಟ್ಟ ಪುಸ್ತಕ ತೆಗೆದು ಬರೆಯತೊಡಗಿದೆ. ಮನೆಗೆ ಬರುವಷ್ಟರಲ್ಲಿ ಪಟ್ಟಿಯಲ್ಲಿ ಹನ್ನೊಂದು "ಅದು ಹಾಗೇನೆ" ಆಗಿದ್ದವು.

ಈ ಪ್ರಕರಣದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ಹತ್ತು ವರ್ಷದಲ್ಲಿ ಗಾಡಿ ದಿನಕ್ಕೊಂದು ಕೂದಲೆಳೆಯಷ್ಟು ಸವೆಯುತ್ತೆ. ಓಡಿಸುವವನ ಕೈಕಾಲೂ ಅಷ್ಟಷ್ಟೇ ಹೊಂದಿಕೊಳ್ಳುತ್ತವೆ. ಬ್ರೇಕ್ ಮೆತ್ತಗಾದರೆ ಕಾಲು ಮೊದಲೇ ಒತ್ತುತ್ತೆ. ಗಾಡಿ ಎಡಕ್ಕೆ ಎಳೆದರೆ ಕೈ ತಾನೇ ಬಲಕ್ಕೆ ಹಿಡಿಯುತ್ತೆ. ಅಣ್ಣನ ಕಣ್ಣಿಗೆ ಗಾಡಿ "ಫಸ್ಟ್ ಕ್ಲಾಸ್" ಇತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಗಾಡಿಯ ಕೊರತೆಯನ್ನೆಲ್ಲ ಅವನ ಅಭ್ಯಾಸ ತುಂಬಿಕೊಡುತ್ತಿತ್ತು. ಕೀ ಕೊಟ್ಟರೆ ಆ ಕೊರತೆಗಳು ಮಗಳ ಕೈಗೆ ಹೋಗುತ್ತವೆ, ಆ ಅಭ್ಯಾಸ ಹೋಗುವುದಿಲ್ಲ. ಅದಕ್ಕೇ ಹಳೇ ಗಾಡಿ ಕೊಡುವವರಿಗೆಲ್ಲ ಈಗ ಒಂದೇ ಮಾತು ಹೇಳುತ್ತೇನೆ. ಮಕ್ಕಳು ಓಡಿಸಲಿ, ನೀವು ಪಕ್ಕದಲ್ಲಿ ಕೂತುಕೊಳ್ಳಿ, ಮೂರನೆಯವರೊಬ್ಬರು ಹಿಂದೆ ಕೂತು ನಿಮ್ಮ ಬಾಯಿಂದ ಬರುವ "ಅದು ಹಾಗೇನೆ"ಗಳನ್ನು ಬರೆದುಕೊಳ್ಳಲಿ. ಗ್ಯಾರೇಜಿಗೆ ಕೊಡಬೇಕಾದ ಪಟ್ಟಿ ಅದೇ.

ಆ ಪಟ್ಟಿ ಹಿಡಿದು ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಮೊದಲು ನೋಡಿದ್ದು ಟೈರ್. ಗೆರೆಗಳು ಚೆನ್ನಾಗೇ ಇದ್ದವು. ಅಣ್ಣ, "ಇನ್ನೂ ಹದಿನೈದು ಸಾವಿರ ಓಡುತ್ತೆ" ಅಂದ. ಮೆಕ್ಯಾನಿಕ್ ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ ತೋರಿಸಿದರು. 2317. ಅಂದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಏಳು ವರ್ಷ. ಉಗುರಿನಿಂದ ಒತ್ತಿದರೆ ರಬ್ಬರು ಕೊಂಚವೂ ಬಗ್ಗುತ್ತಿರಲಿಲ್ಲ. "ಒಣ ರಸ್ತೇಲಿ ಏನೂ ಗೊತ್ತಾಗಲ್ಲ ಸಾರ್. ಮಳೇಲಿ ಗೊತ್ತಾಗೋದು" ಅಂದರು. ಎಬಿಎಸ್ ಆಗಲಿ ಇಎಸ್‌ಪಿ ಆಗಲಿ ಟೈರಿಗೆ ಇಲ್ಲದ ಹಿಡಿತವನ್ನು ತಂದುಕೊಡಲಾರವು. ಇರುವ ಹಿಡಿತವನ್ನು ಜಾಣತನದಿಂದ ಬಳಸುತ್ತವೆ, ಅಷ್ಟೆ. ಇಎಸ್‌ಪಿ ಇದೆ ಅಂತ ಈ ಗಾಡಿ ಪರ ವಾದ ಮಾಡಿದವನು ನಾನೇ. ಆ ನಾಲ್ಕು ಅಂಕಿ ನೋಡಿ ಎದೆ ಧಸಕ್ಕೆಂದಿತು.

ಆಮೇಲೆ ಬ್ರೇಕ್ ಆಯಿಲ್. ನಾಲ್ಕು ವರ್ಷದಿಂದ ಬದಲಾಗಿರಲಿಲ್ಲ. ಅದು ಗಾಳಿಯ ತೇವ ಹೀರುತ್ತೆ. ತೇವ ಸೇರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತೆ. ಘಾಟಿ ಇಳಿಯುವಾಗ ಬ್ರೇಕ್ ಹಿಡಿದೇ ಬಂದರೆ ಆಯಿಲ್ ಕುದ್ದು ಗುಳ್ಳೆ ಬಂದು ಪೆಡಲ್ ಸೀದಾ ಕೆಳಗೆ ಹೋಗುತ್ತೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್, ಲೋವರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್, ವೈಪರ್ ರಬ್ಬರ್, ಹಳದಿ ತಿರುಗಿದ್ದ ಹೆಡ್‌ಲೈಟಿನ ಪಾಲಿಶ್, ವೀಲ್ ಅಲೈನ್‌ಮೆಂಟ್, ಎಲ್ಲ ಆಯಿತು. ನಾಲ್ಕು ಹೊಸ ಟೈರ್ ಸೇರಿ ಬಿಲ್ಲು 71,000 ರೂಪಾಯಿ. ಅಣ್ಣನಿಗೆ ಬೇಜಾರಾಯಿತು. "ಪುಕ್ಕಟೆ ಕೊಡೋ ಗಾಡಿಗೆ ಇಷ್ಟಾ?" ಅಂದ. ಗ್ಯಾರೇಜಿನಿಂದ ಬರುವಾಗ ಅವನೇ ಓಡಿಸಿದ. ಮೊದಲ ಸಿಗ್ನಲ್ಲಿನಲ್ಲಿ ಅಭ್ಯಾಸದಂತೆ ಬ್ರೇಕ್ ಒತ್ತಿದ್ದಕ್ಕೆ ಮೂವರೂ ಮುಂದಕ್ಕೆ ವಾಲಿದೆವು. ಆಮೇಲೆ ಅವನು ಆ ದುಡ್ಡಿನ ಮಾತೆತ್ತಲಿಲ್ಲ.

ಗಾಡಿ ಸಿದ್ಧವಾದ ಮೇಲೆ ಅವಳ ಸರದಿ. ನಗರದ ಅಂಚಿನಲ್ಲಿ ಇನ್ನೂ ಮನೆ ಏಳದ ಒಂದು ಬಡಾವಣೆ. ಅಗಲವಾದ ಖಾಲಿ ರಸ್ತೆ. ನಲವತ್ತರಲ್ಲಿ ಬಂದು, ನಾನು "ಹಿಡಿ" ಅಂದ ಕೂಡಲೇ ಪೂರ್ತಿ ಬಲ ಹಾಕಿ ಬ್ರೇಕ್ ಒತ್ತಬೇಕು. ಮೊದಲ ಸಲ ಒತ್ತಿದಾಗ ಎಬಿಎಸ್ ಎದ್ದು ಪೆಡಲ್ ಗಡಗಡ ನಡುಗಿತು. ಅವಳು ಹೆದರಿ ಕಾಲು ತೆಗೆದುಬಿಟ್ಟಳು. "ಏನೋ ಮುರೀತು ಅಂದ್ಕೊಂಡೆ ಚಿಕ್ಕಪ್ಪ" ಅಂದಳು. ಹೊಸಬರೆಲ್ಲ ಮಾಡುವುದು ಇದನ್ನೇ. ಅದು ಖಾಲಿ ಬಡಾವಣೆಯಲ್ಲಿ ಆಗಬೇಕು, ಲಾರಿಯ ಹಿಂದೆ ಅಲ್ಲ. ಎಂಟು ಸಲ ಮಾಡಿಸಿದೆ. ಕೊನೆಕೊನೆಗೆ ಕಾಲು ಒತ್ತಿಟ್ಟುಕೊಂಡೇ ಸ್ಟೀರಿಂಗ್ ತಿರುಗಿಸಿ ಪಕ್ಕಕ್ಕೆ ಸರಿಯುವುದೂ ಬಂತು. ನಲವತ್ತರಲ್ಲಿ ನಿಂತ ಜಾಗಕ್ಕೆ ಒಂದು ಕಲ್ಲು, ಅರವತ್ತರಲ್ಲಿ ನಿಂತ ಜಾಗಕ್ಕೆ ಇನ್ನೊಂದು ಇಟ್ಟೆವು. ಸ್ಪೀಡು ಒಂದೂವರೆ ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ಎರಡೂಕಾಲು ಪಟ್ಟಾಗುತ್ತೆ. ಪುಸ್ತಕದಲ್ಲಿ ಅವಳು ಇದನ್ನು ಓದಿದ್ದಳು. ಆ ಎರಡು ಕಲ್ಲಿನ ನಡುವೆ ನಡೆದು ನೋಡಿದ ಮೇಲೆ ಮುಖದ ಬಣ್ಣವೇ ಬದಲಾಯಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಒಂದು ಭಾನುವಾರ ಬೆಳಗ್ಗೆ ಆರಕ್ಕೇ ಹೊರಟು ಸಕಲೇಶಪುರ ದಾಟಿ, ದೋಣಿಗಾಲ್, ಮಾರನಹಳ್ಳಿ ಮೇಲೆ ಗುಂಡ್ಯದವರೆಗೆ ಇಳಿದೆವು. ಆಟೊಮ್ಯಾಟಿಕ್ ಗಾಡಿಗೆ ಹೊಸಬರು ಇಳಿಜಾರಿನಲ್ಲೂ ಗೇರನ್ನು ಡಿ, ಅಂದರೆ ಡ್ರೈವ್‌ನಲ್ಲೇ ಬಿಡುತ್ತಾರೆ. ಗಾಡಿ ಮೇಲಿನ ಗೇರಿಗೆ ಹೋಗಿ ಸರ್ರನೆ ಜಾರುತ್ತೆ. ಕಾಲು ಬ್ರೇಕ್ ಬಿಡುವುದೇ ಇಲ್ಲ. ಲಿವರನ್ನು ಮ್ಯಾನುಯಲ್ ಕಡೆಗೆ ಸರಿಸಿ ಎರಡು ಇಲ್ಲವೇ ಮೂರನೇ ಗೇರಿನಲ್ಲಿ ಹಿಡಿದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತೆ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಬ್ರೇಕ್, ಮತ್ತೆ ಬಿಡುವುದು. ಕೆಳಗೆ ಗುಂಡ್ಯದಲ್ಲಿ ನಿಲ್ಲಿಸಿ ಇಳಿದು ಚಕ್ರದ ಹತ್ತಿರ ಮೂಸಿ ನೋಡಲು ಹೇಳಿದೆ. ಸುಟ್ಟ ವಾಸನೆ ಇರಲಿಲ್ಲ. ಅಲ್ಲೇ ಒಂದು ಲಾರಿ ಗಬ್ಬೆಂದು ಹೊಗೆಯಾಡುತ್ತ ಬಂದು ನಿಂತಿತು. ಬೇರೆ ವಿವರಣೆ ಬೇಕಾಗಲಿಲ್ಲ.

ಮನೆಯಲ್ಲಿ ಜಗಳ ಆದದ್ದು ನಿಯಮದ ವಿಷಯಕ್ಕೆ. ನ್ಯೂಜಿಲೆಂಡ್‌ನಲ್ಲಿ 1987ರಿಂದ ಹೊಸ ಚಾಲಕರಿಗೆ ಹಂತ ಹಂತವಾಗಿ ಲೈಸೆನ್ಸ್ ಕೊಡುತ್ತಾರೆ. ನಡುವಿನ ಹಂತದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಬ್ಬರೇ ಓಡಿಸುವಂತಿಲ್ಲ. ಅನುಭವಿ ಚಾಲಕರು ಪಕ್ಕದಲ್ಲಿಲ್ಲದೆ ಸ್ನೇಹಿತರನ್ನು ಕೂರಿಸಿಕೊಳ್ಳುವಂತಿಲ್ಲ. ಆಮೇಲೆ ಇನ್ನೂ ಹಲವು ದೇಶಗಳು ಇದೇ ದಾರಿ ಹಿಡಿದವು. ರಾತ್ರಿ ಹೊತ್ತು ಮತ್ತು ಗಾಡಿ ತುಂಬ ಗೆಳೆಯರು, ಎಳೆಯ ಚಾಲಕರಿಗೆ ಇವೆರಡೇ ಹೆಚ್ಚು ಅಪಾಯ ತರುತ್ತವೆ ಅಂತ ಮತ್ತೆ ಮತ್ತೆ ಕಂಡಿದೆ. ನಮ್ಮಲ್ಲಿ ಆ ನಡುವಿನ ಹಂತ ಇಲ್ಲ. ಲರ್ನರ್ಸ್ ಆಗಿ 30 ದಿನ ಕಳೆದರೆ ಟೆಸ್ಟಿಗೆ ಹೋಗಬಹುದು. ಪಾಸಾದರೆ ಅದೇ ದಿನ ರಾತ್ರಿ ನಾಲ್ಕು ಜನ ಸ್ನೇಹಿತರೊಡನೆ ಘಾಟಿ ಇಳಿಯಬಹುದು. ಹಾಗಾಗಿ ಆ ಹಂತವನ್ನು ಮನೆಯೇ ಕಟ್ಟಿಕೊಳ್ಳಬೇಕು. ಮೊದಲ ಆರು ತಿಂಗಳು ರಾತ್ರಿ ಎಂಟರ ಮೇಲೆ ಓಡಿಸುವುದು ಬೇಡ, ಒಬ್ಬರಿಗಿಂತ ಹೆಚ್ಚು ಸ್ನೇಹಿತರು ಬೇಡ, ಮಳೆಗಾಲದಲ್ಲಿ ಒಬ್ಬಳೇ ಘಾಟಿ ಬೇಡ ಅಂತ ಹೇಳಿದೆ.

"ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಅವಳು ಕೇಳಿದಳು. ಕಣ್ಣಲ್ಲಿ ನೀರಿತ್ತು. ಅತ್ತಿಗೆ ನಿಧಾನವಾಗಿ, "ನಂಬಿಕೆ ಇರೋದಕ್ಕೇ ಕೂತು ಮಾತಾಡ್ತಿದೀವಿ. ಇಲ್ದಿದ್ರೆ ಕೀ ಎತ್ತಿಡ್ತಿದ್ವಿ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಅವಳು ತಾನೊಂದು ನಿಯಮ ಹೇಳಿದಳು. "ನಾನು ಓಡಿಸ್ತಿರುವಾಗ ನೀವು ಫೋನ್ ಮಾಡ್ಬಾರ್ದು. ಹೊರಟಾಗ ಒಂದು ಮೆಸೇಜ್, ಗುಂಡ್ಯದಲ್ಲಿ ಒಂದು, ತಲುಪಿದಾಗ ಒಂದು. ನಡುವೆ ಅಪ್ಪ ಆರು ಸಲ ಫೋನ್ ಮಾಡಿದ್ರೆ ನಾನೇನು ಮಾಡ್ಲಿ?" ಅಣ್ಣ ಮಾಡುತ್ತಿದ್ದದ್ದು ಅದನ್ನೇ. ನಾವು ಮೂವರು ದೊಡ್ಡವರಿಗೂ ಹೊಳೆಯದ ಮಾತು ಅದು. ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದೆವು.

ಕಾಗದದ ಕೆಲಸದಲ್ಲಿ ಒಂದೇ ವಿಷಯ ಹೇಳುತ್ತೇನೆ, ಹೆಚ್ಚಿನ ಮನೆಗಳಲ್ಲಿ ಇದು ತಪ್ಪಿಹೋಗುತ್ತೆ. ಇನ್ಶೂರೆನ್ಸ್ ಜೊತೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬರುತ್ತೆ. ಅದು ಮಾಲೀಕರು ತಾವೇ ಓಡಿಸುವಾಗ ಅವರಿಗೆ ಸಿಗುವಂಥದ್ದು. ಆರ್‌ಸಿ ಅಪ್ಪನ ಹೆಸರಲ್ಲಿದ್ದು ಮಗಳು ಓಡಿಸಿದರೆ ಆ ರಕ್ಷಣೆ ಅವಳಿಗಿಲ್ಲ. ಹಾಗಾಗಿ ಗಾಡಿಯನ್ನು ಅವಳ ಹೆಸರಿಗೇ ಮಾಡಿಸಿ, ಪಾಲಿಸಿಯನ್ನೂ ವರ್ಗಾಯಿಸಿದೆವು. ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದೆ ಇದ್ದದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯ ಜೊತೆ ಹೋಗುವುದಿಲ್ಲ, ಮನುಷ್ಯನ ಜೊತೆ ಹೋಗುತ್ತೆ. ಅಣ್ಣನ ಶೇ. 50 ಅವನ ಹೊಸ ಗಾಡಿಗೆ ಹೋಯಿತು. ಅವಳು ಸೊನ್ನೆಯಿಂದ ಶುರು ಮಾಡಿದಳು. ಆರ್‌ಸಿ 2029ರವರೆಗೆ ಇದೆ.

ಜುಲೈ ಕೊನೆಯಲ್ಲಿ ನಿಯಮಕ್ಕೆ ಪರೀಕ್ಷೆ ಬಂತು. ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದು ಶಿರಾಡಿ ಬಂದ್ ಆಯಿತು. ಎಡಕುಮೇರಿ ಹತ್ತಿರ ಮಣ್ಣು ಜರುಗಿ ರೈಲೂ ನಿಂತಿತು. ಅವಳು ಮನೆಯಲ್ಲಿದ್ದಳು, ಸೋಮವಾರ ಕಾಲೇಜು. "ಚಾರ್ಮಾಡಿ ಮೇಲೆ ಹೋಗ್ತೀನಿ ಅಪ್ಪ" ಅಂದಳು. ಹೊಸ ಟೈರ್ ಇದೆ ಅಂತ ಅಣ್ಣನೂ ಮೆತ್ತಗಾದ. ಅತ್ತಿಗೆ ಒಪ್ಪಲಿಲ್ಲ. ನಾಲ್ಕು ದಿನ ಕ್ಲಾಸ್ ತಪ್ಪಿತು. ನನ್ನ ಮಟ್ಟಿಗೆ ಅತ್ತಿಗೆ ಮಾಡಿದ್ದೇ ಸರಿ.

ಕೀ ಕೈಗೆ ಬಂದದ್ದು ಅಕ್ಟೋಬರ್‌ನಲ್ಲಿ, ಆಯುಧ ಪೂಜೆಯ ದಿನ. ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದಳು. ಅಣ್ಣ ಅವತ್ತು ಡ್ರೈವರ್ ಸೀಟಿನ ಹೊರಗೆ ನಿಂತು ಬಾಗಿಲು ಮುಟ್ಟುತ್ತಲೇ ಇದ್ದ.

ನವೆಂಬರ್‌ನಲ್ಲಿ ಉಪ್ಪಿನಂಗಡಿ ದಾಟಿದ ಮೇಲೆ ಎದುರಿಗೆ ಬರುತ್ತಿದ್ದ ಬಸ್ಸೊಂದು ಓವರ್‌ಟೇಕ್ ಮಾಡುತ್ತ ಪೂರ್ತಿ ಇವಳ ಕಡೆಗೇ ಬಂತು. ರಸ್ತೆ ಒದ್ದೆ. ಪೆಡಲ್ ಗಡಗಡ ಅಂದರೂ ಕಾಲು ತೆಗೆಯದೆ, ಎಡಕ್ಕೆ ತಿರುಗಿಸಿ, ಮಣ್ಣಿಗಿಳಿದು ನಿಲ್ಲಿಸಿದಳಂತೆ. ಆಗ ಗಾಡಿ ಎಂಬತ್ತರಲ್ಲಿತ್ತು. ಎಂಬತ್ತು ಅಂದರೆ ಒಂದು ಸೆಕೆಂಡಿಗೆ 22 ಮೀಟರ್. ರಾತ್ರಿ ಫೋನಿನಲ್ಲಿ ಹೇಳುವಾಗ ದನಿ ಇನ್ನೂ ನಡುಗುತ್ತಿತ್ತು. ಹಳೇ ಟೈರ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಆ ರಾತ್ರಿಯಿಡೀ ಯೋಚಿಸಿದೆ.

ನಾನು ಬಿಟ್ಟುಬಿಟ್ಟದ್ದೂ ಒಂದಿತ್ತು. ಡಿಸೆಂಬರ್‌ನಲ್ಲಿ ಪರೀಕ್ಷೆ ಅಂತ ಮೂರು ವಾರ ಗಾಡಿ ನಿಂತಲ್ಲೇ ನಿಂತಿತು. ಊರಿಗೆ ಹೊರಡುವ ದಿನ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸತ್ತಿತ್ತು. ಸ್ನೇಹಿತೆಯರು ತಳ್ಳಲು ಬಂದರು, ಆದರೆ ಈ ಆಟೊಮ್ಯಾಟಿಕ್ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಅಣ್ಣ ದಿನಾ ಓಡಿಸುತ್ತಿದ್ದ, ಹಾಗಾಗಿ ಆ ಬ್ಯಾಟರಿಯ ನಿಶ್ಶಕ್ತಿ ಎಂದೂ ಹೊರಗೆ ಬಂದಿರಲಿಲ್ಲ. ಬಾಯಿಬಿಟ್ಟು ಹೇಳದ ಹನ್ನೆರಡನೇ "ಅದು ಹಾಗೇನೆ" ಅದು. ಗಾಡಿ ಬೇರೆಯವರ ಕೈಗೆ ಹೋದಾಗ ಅದರ ದಿನಚರಿಯೂ ಬದಲಾಗುತ್ತೆ ಅನ್ನೋದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದೆವು. ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇಟ್ಟೆವು.

ಜನವರಿಯಲ್ಲಿ ಸಂಕ್ರಾಂತಿಗೆ ಹೋದಾಗ ಅವಳೇ ನನ್ನನ್ನು ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಹೋದಳು. ಚೆನ್ನಾಗಿ ಓಡಿಸುತ್ತಿದ್ದಳು. ಕನ್ನಡಿ ನೋಡಿಯೇ ಲೇನ್ ಬದಲಿಸುತ್ತಿದ್ದಳು, ಮುಂದಿನ ಗಾಡಿಯಿಂದ ದೂರ ಬಿಡುತ್ತಿದ್ದಳು. ಮನೆ ಮುಂದೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಕಡೆಯಿಂದ ಕಟಕಟ ಸದ್ದು ಬಂತು.

"ಇದೇನಮ್ಮ ಸದ್ದು?"

"ಅದು ಹಾಗೇ ಚಿಕ್ಕಪ್ಪ, ಒಂದು ತಿಂಗಳಿಂದ ಇದೆ" ಅಂದಳು. ಅಂದವಳೇ ನನ್ನ ಕಡೆ ತಿರುಗಿ ನೋಡಿದಳು.

ಹಬ್ಬದ ಮಾರನೇ ದಿನ ಇಬ್ಬರೂ ಗ್ಯಾರೇಜಿಗೆ ಹೋದೆವು. ಆಕ್ಸಲ್ ತುದಿಯ ರಬ್ಬರ್ ಬೂಟ್ ಹರಿದು, ಗ್ರೀಸ್ ಸೋರಿ, ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಸಿವಿ ಜಾಯಿಂಟ್ ಒಣಗಿತ್ತು. ಮೆಕ್ಯಾನಿಕ್ ಅದನ್ನು ಬಿಚ್ಚಿ ಅವಳ ಕೈಗೆ ಕೊಟ್ಟು ತೋರಿಸಿದರು.